ಘಾಟಿಯ ಮೇಲಿನ ಛತ್ರ: ಸೆಬ್ರೇರೋ ಗ್ರಾಮದ ಇತಿಹಾಸ

ಜುಲೈ 25ರಂದು ನಾವು ಪ್ರೇಷಿತ ಸಂತ ಯಕೋಬರ ಹಬ್ಬವನ್ನು ಆಚರಿಸುತ್ತೇವೆ. ಜೆಬೆದಾಯನ ಮಗ, ಯೊವಾನ್ನರ ಸಹೋದರ, ಗಲಿಲೇಯದ ಬೆಸ್ತ. ಹನ್ನೆರಡು ಮಂದಿ ಪ್ರೇಷಿತರಲ್ಲಿ ಮೊದಲು ರಕ್ತಸಾಕ್ಷಿಯಾದವರು ಇವರೇ. ಹೆರೋದ ರಾಜನ ಕತ್ತಿಗೆ ಇವರು ಬಲಿಯಾದದ್ದನ್ನು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 12ನೇ ಅಧ್ಯಾಯ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತದೆ. ಶ್ರೀಗ್ರಂಥ ಇಷ್ಟು ಚುಟುಕಾಗಿ ಬೀಳ್ಕೊಟ್ಟ ಈ ಸಂತರ ಬಳಿಗೆ ಸಾವಿರ ವರ್ಷಕ್ಕೂ ಮಿಗಿಲಾಗಿ ಜನ ನಡೆದು ಹೋಗುತ್ತಿದ್ದಾರೆ. ಸ್ಪೇನ್ ದೇಶದ ವಾಯವ್ಯ ಮೂಲೆಯ ಗಲೀಸಿಯಾ ಪ್ರಾಂತ್ಯದಲ್ಲಿ, 9ನೇ ಶತಮಾನದ ಆರಂಭದಲ್ಲಿ, ಧರ್ಮಾಧ್ಯಕ್ಷ ತೆಯೊದೊಮಿರೊ ಅವರ ಕಾಲದಲ್ಲಿ ಸಂತ ಯಕೋಬರ ಸಮಾಧಿ ಪತ್ತೆಯಾಯಿತೆಂದು ಪರಂಪರೆ ಹೇಳುತ್ತದೆ. ಆ ಸಮಾಧಿಯ ಸುತ್ತ ಬೆಳೆದ ನಗರವೇ ಸಂತಿಯಾಗೊ ದೆ ಕೊಂಪೊಸ್ತೆಲಾ.

ಆ ನಗರದ ಬಗ್ಗೆ, ಅಲ್ಲಿನ ಮಹಾದೇವಾಲಯದ ಬಗ್ಗೆ ಹಬ್ಬದ ಪ್ರಬೋಧನೆಗಳಲ್ಲಿ ಆಗಾಗ ಕೇಳುತ್ತೇವೆ. ಯಾತ್ರೆಯ ಕೊನೆಯನ್ನು ಬಿಟ್ಟು ಅದರ ನಡುವಿನ ಒಂದು ಪುಟ್ಟ ಊರಿನ ಕಡೆಗೆ ಈ ಸಲ ನೋಡೋಣ. ಅದರ ಹೆಸರು ಓ ಸೆಬ್ರೇರೋ. ಬೆರಳೆಣಿಕೆಯಷ್ಟು ಕಲ್ಲಿನ ಮನೆಗಳು, ಒಂದು ಗಿಡ್ಡ ದೇವಾಲಯ, ಮೋಡದ ಮಟ್ಟದಲ್ಲಿ ಒಂದೇ ಒಂದು ಬೀದಿ. ಸಾಮ್ರಾಜ್ಯಗಳ ಇತಿಹಾಸ ಬರೆಯುವವರು ಇಂಥ ಊರುಗಳಿಗೆ ಅಡಿಟಿಪ್ಪಣಿಯಲ್ಲೂ ಜಾಗ ಕೊಡುವುದಿಲ್ಲ. ಆದರೆ ಈ ಊರು ಇಲ್ಲದಿದ್ದರೆ ಎಷ್ಟೋ ಯಾತ್ರಿಕರು ಸಂತರ ಸಮಾಧಿಯನ್ನು ಮುಟ್ಟುತ್ತಲೇ ಇರಲಿಲ್ಲ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಫ್ರಾನ್ಸಿನ ಗಡಿಯಲ್ಲಿ ಪಿರೆನೀಸ್ ಪರ್ವತದ ಬುಡದಿಂದ ಹೊರಟು ಸಂತಿಯಾಗೊ ಮುಟ್ಟುವ ಹಾದಿಗೆ 'ಫ್ರೆಂಚ್ ದಾರಿ' ಎಂದು ಹೆಸರು. ಉದ್ದ ಸುಮಾರು 780 ಕಿಲೋಮೀಟರು. ನಮ್ಮ ಸಂತ ಫ್ರಾನ್ಸಿಸ್ ಕ್ಸೇವಿಯರರು ಹುಟ್ಟಿದ ನವಾರೆ ಸೀಮೆಯ ಮೂಲಕ ಅದು ಸ್ಪೇನನ್ನು ಪ್ರವೇಶಿಸುತ್ತದೆ. ಮುಂದೆ ದ್ರಾಕ್ಷಿ ತೋಟಗಳನ್ನು, ಕಣ್ಣು ಹಾಯುವವರೆಗೂ ಹರಡಿದ ಗೋಧಿ ಬಯಲನ್ನು ದಾಟಿ, ವಿಲ್ಲಾಫ್ರಾಂಕಾ ಎಂಬ ಪಟ್ಟಣ ಮುಗಿದ ಮೇಲೆ ವಲ್ಕಾರ್ಸೆ ಎಂಬ ಇಕ್ಕಟ್ಟಾದ ಕಣಿವೆಯನ್ನು ಹೊಕ್ಕುತ್ತದೆ. ಕಣಿವೆಯ ಕೊನೆಯಲ್ಲಿ ಘಾಟಿ. ಎರ್ರೇರಿಯಾಸ್, ಲಾ ಫಾಬಾ, ಲಗೂನಾ ಎಂಬ ಹಳ್ಳಿಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟು ಏದುಸಿರು ಬಿಡುತ್ತಾ ಹತ್ತಿದರೆ ಸುಮಾರು 1,300 ಮೀಟರ್ ಎತ್ತರದಲ್ಲಿ ಸೆಬ್ರೇರೋ ಸಿಗುತ್ತದೆ. ಗಲೀಸಿಯಾದೊಳಗಿನ ಮೊದಲ ಊರು ಇದೇ. ಸಂತಿಯಾಗೊಗೆ ಇಲ್ಲಿಂದ ಇನ್ನೂ ಸುಮಾರು 160 ಕಿಲೋಮೀಟರು.

ಮಳೆಗಾಲದ ಮಡಿಕೇರಿಯನ್ನು ಕಂಡವರಿಗೆ ಇಲ್ಲಿನ ಮಂಜನ್ನು ವಿವರಿಸಿ ಹೇಳಬೇಕಿಲ್ಲ. ಅಟ್ಲಾಂಟಿಕ್ ಸಾಗರದಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದು ನಿಲ್ಲುತ್ತದೆ. ಬೇಸಿಗೆಯಲ್ಲೂ ಹತ್ತು ಹೆಜ್ಜೆ ಮುಂದಿರುವ ಮನುಷ್ಯ ಕಾಣದ ದಿನಗಳುಂಟು. ಚಳಿಗಾಲದಲ್ಲಿ ಮಂಜಿನ ಜೊತೆಗೆ ಹಿಮವೂ ಬೀಳುತ್ತದೆ. ಹಿಂದಿನ ಕಾಲದಲ್ಲಿ ಬಿರುಗಾಳಿಯ ದಿನ ಇಲ್ಲಿ ದೇವಾಲಯದ ಗಂಟೆಯನ್ನು ಬಾರಿಸುತ್ತಿದ್ದರಂತೆ. ಅದು ಪೂಜೆಯ ಗಂಟೆಯಲ್ಲ. ದಾರಿ ತಪ್ಪಿದವನ ಕಿವಿಗೆ ಬೀಳಲೆಂದು ಬಾರಿಸುವ ಗಂಟೆ.

ಇಲ್ಲಿನ ಹಳೆಯ ಮನೆಗಳಿಗೆ 'ಪಲ್ಲೋಸಾ' ಎನ್ನುತ್ತಾರೆ. ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಕಟ್ಟಿದ ಗಿಡ್ಡ ಕಲ್ಲುಗೋಡೆ. ಅದರ ಮೇಲೆ ರೈ ಎಂಬ ಧಾನ್ಯದ ಹುಲ್ಲನ್ನು ಹೊದಿಸಿದ ಕಡಿದಾದ ಮಾಡು. ದೂರದಿಂದ ನೋಡಿದರೆ ನಮ್ಮ ಕಣದಲ್ಲಿ ಒಟ್ಟಿದ ಹುಲ್ಲಿನ ಬಣವೆಯ ಹಾಗೆ ಕಾಣುತ್ತದೆ. ರೋಮನರು ಈ ನಾಡಿಗೆ ಕಾಲಿಡುವ ಮೊದಲಿನಿಂದಲೂ ಇಂಥ ಮನೆ ಕಟ್ಟುವ ರೂಢಿ ಇತ್ತೆಂದು ಹೇಳುತ್ತಾರೆ. ಗೋಡೆಗೆ ಮೂಲೆಗಳಿಲ್ಲದ ಕಾರಣ ಗಾಳಿ ಸುತ್ತಿಕೊಂಡು ಹೋಗುತ್ತದೆ. ಮಾಡು ಕಡಿದಾಗಿರುವುದರಿಂದ ಹಿಮ ನಿಲ್ಲದೆ ಜಾರುತ್ತದೆ. ಒಂದೇ ಸೂರಿನಡಿ ಮೇಲಿನ ಭಾಗದಲ್ಲಿ ಮನೆಮಂದಿ, ಇಳಿಜಾರಿನ ಭಾಗದಲ್ಲಿ ದನಕರು. ದನಗಳ ಮೈಶಾಖವೇ ರಾತ್ರಿಯ ಕಂಬಳಿ. ಹೊಗೆ ಹೋಗಲು ಕೊಳವೆಯಿಲ್ಲ, ಅದು ಹುಲ್ಲಿನ ಸಂದುಗಳಲ್ಲಿಯೇ ನಿಧಾನವಾಗಿ ಹೊರಹೋಗಬೇಕು. ಹಾಗೆ ಹೋಗುವಾಗ ಹುಲ್ಲಿಗೆ ಹುಳ ಹಿಡಿಯದಂತೆ ಕಾಯುತ್ತದೆ, ತೂಗುಹಾಕಿದ ಮಾಂಸವನ್ನು ಒಣಗಿಸುತ್ತದೆ. 1960ರ ದಶಕದವರೆಗೂ ಇಂಥ ಮನೆಗಳಲ್ಲಿ ಜನ ವಾಸವಿದ್ದರು. ಈಗ ಉಳಿದಿರುವುದು ಕೆಲವೇ ಕೆಲವು, ಅದರಲ್ಲೊಂದು ವಸ್ತುಸಂಗ್ರಹಾಲಯವಾಗಿದೆ. ಬಡವರ ಈ ಮನೆಗಳನ್ನು ನೋಡಿ ಬೆರಗಾಗುವ ಪ್ರವಾಸಿಗರು ಅದರೊಳಗಿನ ಹೊಗೆಯಲ್ಲಿ ಕೆಮ್ಮುತ್ತಾ ಮಕ್ಕಳನ್ನು ಬೆಳೆಸಿದ ತಾಯಂದಿರನ್ನೂ ನೆನೆಯಬೇಕು.

ಇಂಥ ಬಡ ಊರಿಗೆ ಇತಿಹಾಸ ಬಂದದ್ದು ಯಾತ್ರಿಕರ ಕಾಲಿನ ಮೂಲಕ. 9ನೇ ಶತಮಾನದಲ್ಲಿಯೇ ಇಲ್ಲೊಂದು ಛತ್ರವಿತ್ತೆಂದು ಪರಂಪರೆ ಹೇಳುತ್ತದೆ. ಅಂದಿನ ಭಾಷೆಯಲ್ಲಿ ಅದಕ್ಕೆ 'ಹಾಸ್ಪಿಟಲ್' ಎಂದೇ ಹೆಸರು. ಇಂದು ಆ ಪದ ಕೇಳಿದರೆ ನಮಗೆ ಔಷಧಿಯ ವಾಸನೆ ನೆನಪಾಗುತ್ತದೆ. ಆ ಕಾಲದಲ್ಲಿ ಅದರ ಅರ್ಥ ಅತಿಥಿಗೆ ಒಲೆ, ಊಟ, ಹಾಸಿಗೆ ಕೊಡುವ ಮನೆ ಎಂದಷ್ಟೇ. ಕಾಯಿಲೆ ಬಿದ್ದವನಿಗೆ ಶುಶ್ರೂಷೆ, ಸತ್ತವನಿಗೆ ಸಮಾಧಿ ಕೊಡುವುದೂ ಅದರ ಕೆಲಸವಾಗಿತ್ತು.

1072ನೇ ವರ್ಷ ಈ ಬೆಟ್ಟದ ಪಾಲಿಗೆ ಮುಖ್ಯವಾದುದು. ಲಿಯೋನ್ ರಾಜ್ಯದ ದೊರೆ ಆರನೇ ಅಲ್ಫೊನ್ಸೊ ಆ ವರ್ಷ ಎರಡು ಕೆಲಸ ಮಾಡಿದರು. ಮೊದಲನೆಯದು ಸುಂಕದ ವಿಚಾರ. ವಲ್ಕಾರ್ಸೆ ಕಣಿವೆಯ ಬಾಯಲ್ಲಿ ಅವುತಾರೆಸ್ ಎಂಬ ಕೋಟೆಯಿತ್ತು. ಬೇರೆ ದಾರಿಯಿಲ್ಲದ ಆ ಜಾಗದಲ್ಲಿ ಕೋಟೆಯವರು ಹೋಗಿಬರುವವರಿಂದ, ಅದರಲ್ಲೂ ಯಾತ್ರಿಕರಿಂದ, ಬಾಯಿಗೆ ಬಂದಷ್ಟು ಸುಂಕ ಕೀಳುತ್ತಿದ್ದರು. ರಾಜರು ಆ ಸುಂಕವನ್ನು ರದ್ದು ಮಾಡಿದರು. ಸ್ಪೇನಿನವರಿಗೆ ಮಾತ್ರವಲ್ಲ, ಇಟಲಿ, ಫ್ರಾನ್ಸ್, ಜರ್ಮನಿಗಳಿಂದ ಬರುವವರಿಗೂ ಇದು ಅನ್ವಯವಾಯಿತು. ಎರಡನೆಯದಾಗಿ, ಸೆಬ್ರೇರೋ ಛತ್ರವನ್ನು ಫ್ರಾನ್ಸಿನ ಓರಿಯಾಕ್ ಮಠದ ಬೆನೆಡಿಕ್ಟಿನ್ ಸನ್ಯಾಸಿಗಳ ಕೈಗೆ ಒಪ್ಪಿಸಿದರು. ಆ ಮಠವನ್ನು ಸ್ಥಾಪಿಸಿದ ಸಂತ ಜೆರಾಲ್ಡರು ಗುರುವೂ ಅಲ್ಲ, ಸನ್ಯಾಸಿಯೂ ಅಲ್ಲ. 909ರಲ್ಲಿ ತೀರಿಕೊಂಡ ಒಬ್ಬ ಶ್ರೀಸಾಮಾನ್ಯ ವಿಶ್ವಾಸಿ. ಜಮೀನ್ದಾರರಾಗಿಯೇ ಉಳಿದು ಸಂತರಾದವರು. ಅವರ ಹೆಸರು ಇಂದಿಗೂ ಸೆಬ್ರೇರೋದ ಅತಿಥಿಗೃಹಕ್ಕಿದೆ.

ಬಂದ ಅತಿಥಿಯನ್ನು ಕ್ರಿಸ್ತರನ್ನೇ ಸ್ವಾಗತಿಸುವಂತೆ ಸ್ವಾಗತಿಸಬೇಕೆಂಬುದು ಸಂತ ಬೆನೆಡಿಕ್ಟರ ಮಠನಿಯಮ. ಬಯಲುಸೀಮೆಯ ಮಠದಲ್ಲಿ ಈ ನಿಯಮವನ್ನು ಪಾಲಿಸುವುದು ಒಂದು ಮಾತು. ಆಳೆತ್ತರ ಹಿಮ ಬಿದ್ದ ಬೆಟ್ಟದ ತಲೆಯಲ್ಲಿ ಪಾಲಿಸುವುದು ಇನ್ನೊಂದು ಮಾತು. ಕೆಳಗಿನಿಂದ ಸೌದೆ ಬರಬೇಕು, ಹಿಟ್ಟು ಬರಬೇಕು, ಉಪ್ಪು ಬರಬೇಕು. ಊರಿನಿಂದ ಮುಂದೆ ನಡೆದರೆ ಸಿಗುವ ಹಳ್ಳಿಯ ಹೆಸರು ಲಿನ್ಯಾರೆಸ್, ಅಂದರೆ ಅಗಸೆನಾರಿನ ಹೊಲಗಳ ಊರು. ಛತ್ರದ ಬಟ್ಟೆಗೆ ನಾರು ಅಲ್ಲಿಂದ ಬರುತ್ತಿತ್ತೆಂದು ಹೇಳುತ್ತಾರೆ. ಇನ್ನೂ ಸ್ವಲ್ಪ ಮುಂದಿನ ಊರಿನ ಹೆಸರಲ್ಲಿಯೇ 'ಹಾಸ್ಪಿಟಲ್' ಇದೆ. ಸಾಲಾಗಿ ನಿಂತ ಈ ಹಳ್ಳಿಗಳು ತಮ್ಮ ಹೊಟ್ಟೆ ತುಂಬುವುದೇ ಕಷ್ಟವಿದ್ದಾಗ ಪರದೇಶಿಗಳಿಗೆ ಬಡಿಸಿದವು.

ಯಾತ್ರಿಕರಿಗಾಗಿ 12ನೇ ಶತಮಾನದಲ್ಲಿ ಬರೆದ ಲತೀನ್ ಕೈಪಿಡಿಯೊಂದು 'ಕಾಲಿಕ್ಸ್ತಿನೂಸ್ ಹಸ್ತಪ್ರತಿ'ಯ ಐದನೇ ಭಾಗವಾಗಿ ಉಳಿದುಬಂದಿದೆ. ಊರುಗಳ ಪಟ್ಟಿ ಕೊಡುವಾಗ ಅದು ಈ ಘಾಟಿಯನ್ನು ಹೇಳಿ, ಅದರ ನೆತ್ತಿಯ ಮೇಲೆ ಛತ್ರವಿದೆ ಎಂದು ಸೇರಿಸುತ್ತದೆ. ಬೆಟ್ಟ ಇಳಿದ ಮೇಲೆ ಸಿಗುವ ತ್ರಿಯಕಾಸ್ತೆಲಾದಲ್ಲಿ ಯಾತ್ರಿಕರಿಗೆ ತಲಾ ಒಂದು ಸುಣ್ಣದ ಕಲ್ಲು ಕೊಡುತ್ತಿದ್ದರಂತೆ. ಅದನ್ನು ಹೊತ್ತು ಕಸ್ತಾನ್ಯೇದಾ ಎಂಬಲ್ಲಿನ ಭಟ್ಟಿಗೆ ಒಪ್ಪಿಸಬೇಕು. ಸಂತಿಯಾಗೊ ಮಹಾದೇವಾಲಯದ ಗಾರೆಗೆ ಸುಣ್ಣ ಅಲ್ಲಿಂದ. ಘಾಟಿ ಹತ್ತಿ ಇಳಿದು ಸುಸ್ತಾದವನ ಹೆಗಲಿಗೆ ಕಲ್ಲು! ಆದರೂ ಹೊತ್ತರು. ಆ ಮಹಾದೇವಾಲಯದ ಗೋಡೆಯಲ್ಲಿ ಹೆಸರಿಲ್ಲದ ಎಷ್ಟು ಜನರ ಬೆವರಿದೆಯೋ ಬಲ್ಲವರಾರು?

ಎಲ್ಲರೂ ಈ ಘಾಟಿಯನ್ನು ಮೆಚ್ಚಿದರೆಂದೇನೂ ಅಲ್ಲ. ಹೆರ್ಮಾನ್ ಕ್ಯುನಿಗ್ ಎಂಬ ಜರ್ಮನ್ ಸನ್ಯಾಸಿ 1495ರಲ್ಲಿ ತನ್ನ ದೇಶದವರಿಗಾಗಿ ಒಂದು ಯಾತ್ರಾ ಕೈಪಿಡಿ ಬರೆದರು. ಈ ಏರನ್ನು ಬಿಟ್ಟು ಬಳಸುದಾರಿ ಹಿಡಿಯಿರಿ ಎಂದು ಅದರಲ್ಲಿ ಬುದ್ಧಿ ಹೇಳಿದ್ದಾರೆ. ಮಂಡಿನೋವಿನ ಯಾತ್ರಿಕರು ಇವರಿಗೆ ಇಂದಿಗೂ ಕೃತಜ್ಞರಾಗಿರಬಹುದು.

ಈಗ ಆ ಊರಿನ ಹೆಸರನ್ನು ಯುರೋಪಿನಾದ್ಯಂತ ಹರಡಿದ ಘಟನೆಗೆ ಬರೋಣ. ಸುಮಾರು 1300ರ ಕಾಲ ಎನ್ನುತ್ತಾರೆ. ಚಳಿಗಾಲದ ಒಂದು ದಿನ, ಹೊರಗೆ ಹಿಮಗಾಳಿ. ಸೆಬ್ರೇರೋ ದೇವಾಲಯದಲ್ಲಿ ಒಬ್ಬ ಸನ್ಯಾಸಿ ಗುರು ಬಲಿಪೂಜೆಗೆ ನಿಂತಿದ್ದರು. ಇಂಥ ಹವೆಯಲ್ಲಿ ಯಾರೂ ಬರಲಾರರೆಂದು ಅವರ ಎಣಿಕೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೆಳಗಿನ ಬಾರ್ಹಾಮಾಯೋರ್ ಎಂಬ ಹಳ್ಳಿಯ ಒಬ್ಬ ರೈತ ಹಿಮದಲ್ಲಿ ತೊಯ್ದು, ನಡುಗುತ್ತಾ ಒಳಗೆ ಬಂದ. ಪರಂಪರೆ ಅವನನ್ನು ಹುವಾನ್ ಸಂತಿನ್ ಎಂದು ಕರೆಯುತ್ತದೆ. ಗುರುವಿಗೆ ಸಂತೋಷವಾಗಲಿಲ್ಲ. ಒಂದಿಷ್ಟು ರೊಟ್ಟಿ, ಒಂದಿಷ್ಟು ದ್ರಾಕ್ಷಾರಸ ನೋಡಲು ಇವನು ಇಷ್ಟು ಕಷ್ಟಪಟ್ಟು ಬರಬೇಕಿತ್ತೇ ಎಂದು ಮನಸ್ಸಿನಲ್ಲಿಯೇ ತುಚ್ಛವಾಗಿ ಕಂಡರು. ಪವಿತ್ರೀಕರಣದ ಮಾತುಗಳನ್ನು ಉಚ್ಚರಿಸಿದಾಗ ಅವರ ಕೈಯಲ್ಲಿದ್ದ ರೊಟ್ಟಿ ಕಣ್ಣಿಗೆ ಕಾಣುವಂತೆ ಮಾಂಸವಾಯಿತು, ಪೂಜಾಪಾತ್ರೆಯಲ್ಲಿದ್ದ ದ್ರಾಕ್ಷಾರಸ ರಕ್ತವಾಯಿತು. ದೇವಾಲಯದಲ್ಲಿದ್ದ ಮಾತೆ ಮರಿಯಮ್ಮನವರ ಸ್ವರೂಪವು ಈ ಅದ್ಭುತವನ್ನು ನೋಡಲು ತಲೆ ಬಾಗಿಸಿತೆಂದು ಜನ ಸೇರಿಸುತ್ತಾರೆ. 12ನೇ ಶತಮಾನದ ಆ ಮರದ ಸ್ವರೂಪ ಇಂದಿಗೂ ಅಲ್ಲಿದೆ.

ಇಂಥ ಅದ್ಭುತಗಳನ್ನು ಒಪ್ಪಲೇಬೇಕೆಂದು ಧರ್ಮಸಭೆ ಯಾರನ್ನೂ ಒತ್ತಾಯಿಸುವುದಿಲ್ಲ. ಪರಮಪ್ರಸಾದದಲ್ಲಿ ಕ್ರಿಸ್ತರ ನಿಜ ಸಾನ್ನಿಧ್ಯ ನಮ್ಮ ವಿಶ್ವಾಸ; ಅದು ಸೆಬ್ರೇರೋದ ಘಟನೆಯ ಮೇಲೆ ನಿಂತಿಲ್ಲ. ಇತಿಹಾಸದ ದೃಷ್ಟಿಯಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟು: 15ನೇ ಶತಮಾನದ ಹೊತ್ತಿಗೆ ಈ ಕಥೆ ದೂರದೂರಕ್ಕೆ ತಿಳಿದಿತ್ತು. 1487ರಲ್ಲಿ ಜಗದ್ಗುರು ಎಂಟನೇ ಇನ್ನೊಸೆಂಟರು ಹೊರಡಿಸಿದ ಆಜ್ಞಾಪತ್ರದಲ್ಲಿ ಅದರ ಪ್ರಸ್ತಾಪವಿದೆ. ಅದಕ್ಕೂ ಒಂದು ವರ್ಷ ಮೊದಲು, 1486ರಲ್ಲಿ, ರಾಣಿ ಇಸಬೆಲ್ಲಾ ಮತ್ತು ರಾಜ ಫರ್ಡಿನಾಂಡರು ಸಂತಿಯಾಗೊ ಯಾತ್ರೆಯಲ್ಲಿ ಇಲ್ಲಿಗೆ ಬಂದು, ಆ ಪವಿತ್ರ ಅವಶೇಷಗಳನ್ನಿಡಲು ಬೆಲೆಬಾಳುವ ಸಂಪುಟವನ್ನು ಕಾಣಿಕೆ ಕೊಟ್ಟರು. ರಾಣಿಗೆ ಅವನ್ನು ತನ್ನೊಡನೆ ಒಯ್ಯುವ ಆಸೆಯಿತ್ತಂತೆ. ಹೊತ್ತ ಪ್ರಾಣಿಗಳು ಕಣಿವೆಯ ಪೆರೇಹೆ ಎಂಬ ಊರಿನ ತನಕ ಬಂದು, ಏನು ಮಾಡಿದರೂ ಮುಂದೆ ಹೆಜ್ಜೆ ಇಡಲಿಲ್ಲವಂತೆ. ಕೊನೆಗೆ ಹಿಂದಕ್ಕೆ ಕಳುಹಿಸಬೇಕಾಯಿತು. ದಂತಕಥೆಯೇ ಇರಬಹುದು. ಆದರೆ ದೊಡ್ಡವರು ಬಂದು ಒಳ್ಳೆಯದನ್ನೆಲ್ಲ ರಾಜಧಾನಿಗೆ ಒಯ್ಯುವುದನ್ನು ಕಂಡ ಹಳ್ಳಿಗರು ಇಂಥ ಕಥೆ ಹೇಳಿಕೊಳ್ಳುವುದರಲ್ಲಿ ಅಚ್ಚರಿಯೇನಿದೆ?

ಆ ಬಲಿಪೂಜೆಯಲ್ಲಿ ಬಳಸಿದ್ದೆಂದು ಹೇಳುವ ಪೂಜಾಪಾತ್ರೆ ಮತ್ತು ತಟ್ಟೆ 12ನೇ ಶತಮಾನದ ಕೆಲಸ. ಗಲೀಸಿಯಾದ ಲಾಂಛನದಲ್ಲಿರುವ ಪೂಜಾಪಾತ್ರೆಯ ಚಿತ್ರಕ್ಕೆ ಇದೇ ಮೂಲವೆಂದು ಅಲ್ಲಿನ ಜನ ಹೆಮ್ಮೆಯಿಂದ ಹೇಳುತ್ತಾರೆ. ಇಲ್ಲಿ ಇತಿಹಾಸ ಸ್ವಲ್ಪ ತಡೆ ಹಾಕುತ್ತದೆ. ಗಲೀಸಿಯಾದ ರಾಜನಿಗೆ ಪೂಜಾಪಾತ್ರೆಯ ಲಾಂಛನ ಕೊಟ್ಟಿರುವ ಇಂಗ್ಲೆಂಡಿನ ಹಳೆಯ ಪಟ್ಟಿಯೊಂದು 13ನೇ ಶತಮಾನದ ಕೊನೆಯ ಭಾಗದ್ದು, ಅಂದರೆ ಅದ್ಭುತಕ್ಕೆ ಹೇಳುವ ಕಾಲಕ್ಕಿಂತ ಮೊದಲಿನದು. ನಾಡಿನ ಹೆಸರಿಗೂ ಪಾತ್ರೆಯ ಹೆಸರಿಗೂ ಇದ್ದ ಉಚ್ಚಾರಣೆಯ ಹೋಲಿಕೆಯೇ ಅದಕ್ಕೆ ಕಾರಣವಿದ್ದೀತು. ಕ್ರಿಸ್ತರು ಕೊನೆಯ ಭೋಜನದಲ್ಲಿ ಬಳಸಿದ ಪಾತ್ರೆಯೇ ಸೆಬ್ರೇರೋದಲ್ಲಿದೆ ಎಂದು ಹೇಳುವವರೂ ಇದ್ದಾರೆ. ಅದನ್ನು ಅಲ್ಲಿಗೇ ಬಿಡೋಣ.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಆ ಗುರುವಿನ ತಪ್ಪು ಅವಿಶ್ವಾಸ ಒಂದೇ ಅಲ್ಲ. ಇನ್ನೊಬ್ಬನು ಪಟ್ಟ ಕಷ್ಟವನ್ನು ಅವರು ಮೂರ್ಖತನವೆಂದು ಬಗೆದರು. ಛತ್ರದಲ್ಲಿದ್ದುಕೊಂಡು, ಬೆಟ್ಟ ಹತ್ತಿ ಬಂದವನನ್ನು ಹೊರೆಯೆಂದು ಎಣಿಸಿದರು. ಇದು 1300ರಲ್ಲಿ ಮುಗಿದ ಕಥೆಯೇನಲ್ಲ. ಸುರಿಯುವ ಮಳೆಯಲ್ಲಿ ಬೆಳಗಿನ ಪೂಜೆಗೆ ಕೊಡೆ ಹಿಡಿದು ಬರುವ ಅಜ್ಜಿಯನ್ನು ಕಂಡು 'ಇವತ್ತೊಂದು ದಿನ ಮನೆಯಲ್ಲೇ ಪ್ರಾರ್ಥಿಸಬಹುದಿತ್ತಲ್ಲ' ಎಂದುಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಬಂದವರು ಒಬ್ಬರೇ ಎಂದು ಪ್ರಬೋಧನೆಯನ್ನು ಮೊಟಕುಗೊಳಿಸುವುದೂ ಉಂಟು. ಆ ಗುರುವಿನ ಹೆಸರನ್ನು ಪರಂಪರೆ ಉಳಿಸಿಕೊಳ್ಳಲಿಲ್ಲ. ರೈತನ ಹೆಸರನ್ನು ಉಳಿಸಿಕೊಂಡಿತು.

ಮುಂದಿನ ಶತಮಾನಗಳನ್ನು ಬೇಗ ದಾಟಬಹುದು, ಏಕೆಂದರೆ ಅವು ಸೊರಗಿದ ಕಾಲ. ಯುರೋಪಿನ ಧರ್ಮಸಭೆ ಒಡೆದ ಮೇಲೆ ಉತ್ತರದ ದೇಶಗಳಿಂದ ಯಾತ್ರಿಕರು ಬರುವುದು ಕಡಿಮೆಯಾಯಿತು. ಯುದ್ಧಗಳು, ರೋಗಗಳು ದಾರಿಯನ್ನು ಬರಿದಾಗಿಸಿದವು. 1589ರಲ್ಲಿ ಇಂಗ್ಲಿಷ್ ನೌಕಾದಳದ ಭಯದಿಂದ ಸಂತ ಯಕೋಬರ ಅವಶೇಷಗಳನ್ನೇ ಮಹಾದೇವಾಲಯದಲ್ಲಿ ಅಡಗಿಸಿಡಲಾಯಿತು. ಅವು ಮತ್ತೆ ಸಿಕ್ಕಿದ್ದು 1879ರಲ್ಲಿ. 1884ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವುಗಳಿಗೆ ಮನ್ನಣೆ ನೀಡಿದರು. 18ನೇ ಶತಮಾನದಲ್ಲಿ ಮ್ಯಾಡ್ರಿಡ್‌ನಿಂದ ಲಾ ಕೊರುನ್ಯಾಗೆ ರಾಜರಸ್ತೆ ಹಾಕಿದಾಗ ಅದು ಪಕ್ಕದ ಪೆದ್ರಫೀತಾ ಕಣಿವೆಯ ಮೂಲಕ ಹೋಯಿತು. ಗಾಡಿಗಳು, ವ್ಯಾಪಾರ, ಟಪಾಲು ಎಲ್ಲ ಅತ್ತ ಸರಿದವು. ಹೆದ್ದಾರಿ ಪಕ್ಕದ ಊರಿಗೆ ಹೋದಾಗ ಹಳೆಯ ಊರಿಗೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ.

1809ರ ಜನವರಿಯಲ್ಲಿ ಈ ಬೆಟ್ಟಗಳು ಘೋರ ದೃಶ್ಯವೊಂದನ್ನು ಕಂಡವು. ನೆಪೋಲಿಯನ್ನನ ಸೈನ್ಯ ಬೆನ್ನಟ್ಟಿದ್ದಾಗ ಸರ್ ಜಾನ್ ಮೂರ್ ಅವರ ನೇತೃತ್ವದ ಬ್ರಿಟಿಷ್ ಸೈನ್ಯ ಇದೇ ಘಾಟಿಯ ಮೂಲಕ ಸಮುದ್ರದ ಕಡೆಗೆ ಹಿಮ್ಮೆಟ್ಟಿತು. ಹಸಿವು ಮತ್ತು ಹಿಮಕ್ಕೆ ಸಿಕ್ಕಿ ಸೈನಿಕರು, ಅವರೊಂದಿಗಿದ್ದ ಹೆಂಗಸರು ಮಕ್ಕಳು ದಾರಿಬದಿಯಲ್ಲಿ ಸತ್ತರು. ಎತ್ತುಗಳು ಎಳೆಯಲಾರದೆ ಸೋತಾಗ ಸೈನಿಕರ ಸಂಬಳದ ಬೆಳ್ಳಿನಾಣ್ಯಗಳ ಪೀಪಾಯಿಗಳನ್ನೇ ಪ್ರಪಾತಕ್ಕೆ ಉರುಳಿಸಿದರು. ಶತಮಾನಗಳ ಕಾಲ ಬರಿಗೈಯ ಯಾತ್ರಿಕರನ್ನು ದಾಟಿಸಿದ ಘಾಟಿಯಲ್ಲಿ ಬೆಳ್ಳಿಗೆ ದಾಟಲಾಗಲಿಲ್ಲ.

ಕೊನೆಯ ಪೆಟ್ಟು ಸರ್ಕಾರದಿಂದ ಬಂತು. 1836ರಲ್ಲಿ ಮೆಂಡಿಸಾಬಾಲ್ ಎಂಬ ಮಂತ್ರಿಯ ಆಜ್ಞೆಗಳ ಮೂಲಕ ಸ್ಪೇನಿನ ಮಠಗಳ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡು ಹರಾಜು ಹಾಕಿತು. 19ನೇ ಶತಮಾನದ ನಡುವಿನ ಹೊತ್ತಿಗೆ ಸೆಬ್ರೇರೋದಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳ ಕಾಲ ಮುಗಿಯಿತು. ಸುಮಾರು ಎಂಟು ಶತಮಾನಗಳ ಸೇವೆ ಹೀಗೆ ನಿಂತಿತು. ಗಲೀಸಿಯಾದ ಯುವಕರು ಕ್ಯೂಬಾಕ್ಕೆ, ಅರ್ಜೆಂಟೀನಾಕ್ಕೆ ಹಡಗು ಹತ್ತಿದರು. ಊರಲ್ಲಿ ಮುದುಕರು, ಹಸುಗಳು ಮತ್ತು ಮಂಜು ಉಳಿದವು.

1959ರಲ್ಲಿ ಸೆಬ್ರೇರೋ ಧರ್ಮಕೇಂದ್ರಕ್ಕೆ ಒಬ್ಬ ಹೊಸ ಗುರು ಬಂದರು. ಫಾದರ್ ಎಲಿಯಾಸ್ ವಲಿನ್ಯಾ ಸಂಪೆದ್ರೊ, ಆಗ ಮೂವತ್ತರ ಪ್ರಾಯ. ಹತ್ತಿರದ ಸಾರ್ರಿಯಾ ಸೀಮೆಯ ಹಳ್ಳಿಯವರು. ಇಂಥ ನೇಮಕವನ್ನು ಬಡ್ತಿಯೆಂದು ಯಾರೂ ಅಂದುಕೊಳ್ಳುವುದಿಲ್ಲ. ದೇವಾಲಯ ಶಿಥಿಲವಾಗಿತ್ತು, ಛತ್ರ ಪಾಳುಬಿದ್ದಿತ್ತು. ಅವರು ದೇವಾಲಯದ ಜೀರ್ಣೋದ್ಧಾರಕ್ಕೆ ಕೈಹಾಕಿದರು. 1960ರ ದಶಕದಲ್ಲಿ ಅದು ನಡೆಯಿತು. ಮೂರು ಅಂಕಣಗಳ, ಗಾಳಿಗೆ ತಲೆಬಾಗಿ ಕುಳಿತಂಥ ಹಳೆಯ ಕಟ್ಟಡ ಮತ್ತೆ ಎದ್ದು ನಿಂತಿತು. ಹಳೆಯ ಮಠದ ಕಟ್ಟಡ ಅತಿಥಿಗೃಹವಾಯಿತು. ಪಲ್ಲೋಸಾಗಳು ಉಳಿದವು.

ಇವರು ಹಳ್ಳಿಯ ಗುರುವಾಗಿದ್ದುಕೊಂಡೇ ವಿದ್ವಾಂಸರೂ ಆದರು. ಯಾತ್ರೆಯ ದಾರಿಯ ಇತಿಹಾಸ ಮತ್ತು ಅದಕ್ಕೆ ಸಂಬಂಧಿಸಿದ ಹಳೆಯ ಕಾನೂನುಗಳ ಬಗ್ಗೆ ಸಲಮಾಂಕಾದಲ್ಲಿ ಡಾಕ್ಟರೇಟ್ ಪ್ರಬಂಧ ಬರೆದರು. ಹಳೆಯ ಕಡತಗಳಲ್ಲಿ ದಾರಿ ಸ್ಪಷ್ಟವಾಗಿತ್ತು. ನೆಲದ ಮೇಲೆ ಮಾತ್ರ ಅದು ಕಾಣೆಯಾಗಿತ್ತು: ಎಲ್ಲೋ ಹೊಲ, ಎಲ್ಲೋ ಪೊದೆ, ಎಲ್ಲೋ ಡಾಂಬರು. ವರ್ಷಕ್ಕೆ ಬರುತ್ತಿದ್ದ ಕೆಲವೇ ಯಾತ್ರಿಕರು ಲಾರಿಗಳ ಪಕ್ಕದಲ್ಲಿ ಹೆದ್ದಾರಿಯಲ್ಲಿ ನಡೆಯಬೇಕಿತ್ತು. ಫಾದರ್ ಎಲಿಯಾಸ್ ಹಳ್ಳಿಹಳ್ಳಿಗೆ ಹೋಗಿ ಹಿರಿಯರನ್ನು ಕೇಳಿ, ಅಳಿದ ತುಣುಕುಗಳನ್ನು ಜೋಡಿಸಿ, 1980ರ ದಶಕದ ಆರಂಭದಲ್ಲಿ ಯಾತ್ರಿಕರಿಗೊಂದು ಕೈಪಿಡಿ ಹೊರತಂದರು.

ಪುಸ್ತಕವನ್ನು ಎಲ್ಲರೂ ಕೊಳ್ಳಲಾರರು. 1984ರಲ್ಲಿ ಅವರು ತಮ್ಮ ಸಿತ್ರೋಯೆನ್ ಕಾರಿನಲ್ಲಿ ಹಳದಿ ಬಣ್ಣದ ಡಬ್ಬಿಗಳನ್ನು, ಕುಂಚವನ್ನು ತುಂಬಿಕೊಂಡು ಹೊರಟರು. ರಸ್ತೆ ಕೆಲಸದವರಲ್ಲಿ ಮಿಕ್ಕ ಬಣ್ಣವದು ಎನ್ನುತ್ತಾರೆ. ಮರದ ಕಾಂಡ, ಬಂಡೆ, ಬೇಲಿಕಂಬ, ಕೊಟ್ಟಿಗೆಯ ಗೋಡೆ, ತಿರುವು ಬಂದಲ್ಲೆಲ್ಲ ಒಂದು ಹಳದಿ ಬಾಣ. ಪಿರೆನೀಸ್ ಬೆಟ್ಟದಲ್ಲಿ ಪೊಲೀಸರು ಅನುಮಾನಗೊಂಡು ಹಿಡಿದು ನಿಲ್ಲಿಸಿದಾಗ, ಫ್ರಾನ್ಸಿನಿಂದ ದೊಡ್ಡ ದಂಡಯಾತ್ರೆಯೊಂದಕ್ಕೆ ತಯಾರಿ ನಡೆಸಿದ್ದೇನೆ ಎಂದು ಅವರು ಉತ್ತರಿಸಿದರಂತೆ. ಆ ವರ್ಷಗಳಲ್ಲಿ ಸಂತಿಯಾಗೊ ಮುಟ್ಟಿ ದೃಢೀಕರಣ ಪತ್ರ ಪಡೆಯುತ್ತಿದ್ದ ಯಾತ್ರಿಕರು ವರ್ಷಕ್ಕೆ ಕೆಲವು ನೂರು ಮಂದಿ. ಇಲ್ಲದ ಜನರಿಗಾಗಿ ದಾರಿ ಗುರುತು ಹಾಕುವ ಈ ಗುರುವನ್ನು ನೋಡಿ ನಕ್ಕವರು ಇದ್ದಿರಬೇಕು. ಆರುನೂರ ಎಂಬತ್ತು ವರ್ಷಗಳ ಹಿಂದೆ ಅದೇ ದೇವಾಲಯದಲ್ಲಿ ಒಬ್ಬ ಗುರು, ಬಂದ ಒಬ್ಬನೇ ಯಾತ್ರಿಕನನ್ನು ತಾತ್ಸಾರ ಮಾಡಿದ್ದರು. ಇವರು ಇನ್ನೂ ಬಾರದವರಿಗಾಗಿ ಬಣ್ಣ ಬಳಿಯುತ್ತಿದ್ದರು.

ಎಲ್ಲವನ್ನೂ ಇವರೊಬ್ಬರೇ ಮಾಡಿದರೆಂದರೆ ಅದು ಅನ್ಯಾಯವಾದೀತು. ಪ್ಯಾರಿಸ್‌ನಲ್ಲಿ, ನವಾರೆಯಲ್ಲಿ ಯಾತ್ರಾಭಿಮಾನಿಗಳ ಸಂಘಗಳು ಮೊದಲೇ ಇದ್ದವು. 1982ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಸಂತಿಯಾಗೊಗೆ ಭೇಟಿ ಕೊಟ್ಟದ್ದು, 1987ರಲ್ಲಿ ಯುರೋಪ್ ಪರಿಷತ್ತು ಈ ದಾರಿಯನ್ನು ಮೊದಲ ಯುರೋಪಿಯನ್ ಸಾಂಸ್ಕೃತಿಕ ಮಾರ್ಗವೆಂದು ಸಾರಿದ್ದು, 1989ರ ಆಗಸ್ಟ್‌ನಲ್ಲಿ ಅಲ್ಲಿ ವಿಶ್ವ ಯುವದಿನ ನಡೆದದ್ದು, ಇವೆಲ್ಲ ಸೇರಿದವು. 1987ರಲ್ಲಿಯೇ ಪೌಲೊ ಕೊಯೆಲೊ ಬರೆದ ಯಾತ್ರೆಯ ಪುಸ್ತಕ ಬಂತು. ಅದರ ನಾಯಕನ ಹುಡುಕಾಟ ಮುಗಿಯುವುದು ಸಂತಿಯಾಗೊದಲ್ಲಲ್ಲ, ಸೆಬ್ರೇರೋದಲ್ಲಿ. ಫಾದರ್ ಎಲಿಯಾಸ್ 1989ರ ಡಿಸೆಂಬರ್ 11ರಂದು, ಅರವತ್ತರ ವಯಸ್ಸಿನಲ್ಲಿ ತೀರಿಕೊಂಡರು. 1993ರಲ್ಲಿ ಯುನೆಸ್ಕೊ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಜುಲೈ 25 ಭಾನುವಾರ ಬಿದ್ದ ಕಾರಣ ಅದು ಸಂತಿಯಾಗೊದ ಪವಿತ್ರ ವರ್ಷ. ದೃಢೀಕರಣ ಪತ್ರ ಪಡೆದವರು 99,436 ಮಂದಿ. 2019ರಲ್ಲಿ ಅದು ಮೂರೂವರೆ ಲಕ್ಷದ ಹತ್ತಿರ, 2023ರಲ್ಲಿ ನಾಲ್ಕು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಪೊಲೀಸರಿಗೆ ಹೇಳಿದ ದಂಡಯಾತ್ರೆ ನಿಜವಾಗಿಯೂ ಬಂತು. ಅದನ್ನು ನೋಡಲು ಹೇಳಿದವರು ಇರಲಿಲ್ಲ.

ದೃಢೀಕರಣ ಪತ್ರಕ್ಕೆ ಕಾಲ್ನಡಿಗೆಯಲ್ಲಿ ಕೊನೆಯ 100 ಕಿಲೋಮೀಟರು ನಡೆದರೆ ಸಾಕು. ಆದ್ದರಿಂದ ಅನೇಕರು ಘಾಟಿಯ ಆಚೆ, ಸಾರ್ರಿಯಾ ಪಟ್ಟಣದಿಂದ ಹೊರಡುತ್ತಾರೆ. ಅವರಿಗೆ ಸೆಬ್ರೇರೋ ಸಿಗುವುದೇ ಇಲ್ಲ. ಇಲ್ಲಿಗೆ ನಡೆದು ಬರುವವರಲ್ಲಿ ಹೆಚ್ಚಿನವರು ವಾರಗಟ್ಟಲೆ ನಡೆದು ಸವೆದವರು. ಆದರೂ ಬೇಸಿಗೆಯಲ್ಲಿ ಆ ಒಂದೇ ಬೀದಿಯಲ್ಲಿ ಜನಜಾತ್ರೆ. ಬಸ್ಸಿನಲ್ಲಿ ಬರುವ ಪ್ರವಾಸಿಗರು, ಬಿಸಿಬಿಸಿ ಸೊಪ್ಪಿನ ಸಾರು ಬಡಿಸುವ ಹೋಟೆಲುಗಳು, ಅಡುಗೆಭಟ್ಟರ ಟೋಪಿಯಂತೆ ಮೇಲೆ ಉಬ್ಬಿದ ಸೆಬ್ರೇರೋ ಗಿಣ್ಣು ಮಾರುವ ಅಂಗಡಿಗಳು. ಇದನ್ನು ನೋಡಿ ಮೂಗು ಮುರಿಯುವುದು ಸುಲಭ. ಹಿಂದೆ ಮಠಕ್ಕೆ ರಾಜರು ಕೊಟ್ಟ ಭೂಮಿಯಿತ್ತು, ಅದರ ಆದಾಯದಲ್ಲಿ ಪುಕ್ಕಟೆ ಊಟ ನಡೆಯಿತು. ಇಂದಿನ ಹೋಟೆಲಿನವನಿಗೆ ರಾಜರಿಲ್ಲ. ಅವನ ಮಕ್ಕಳು ಊರು ಬಿಡದಿರಲು ಅವನ ಗಲ್ಲಾಪೆಟ್ಟಿಗೆ ತುಂಬಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಾಸಿಗೆ ಮುಂಗಡವಾಗಿ ಕಾದಿರಿಸಿದವನಿಗೆ ಜಾಗವಿದ್ದು, ಕತ್ತಲಾದ ಮೇಲೆ ಹಿಮದಲ್ಲಿ ತೊಯ್ದು ಬಂದವನಿಗೆ ಜಾಗವಿಲ್ಲವೆಂದಾದರೆ ಆ ಊರನ್ನು ಇನ್ನು ಛತ್ರವೆಂದು ಕರೆಯಬಹುದೇ? ಇದು ಸೆಬ್ರೇರೋದವರು ಒಬ್ಬರೇ ಉತ್ತರಿಸಬೇಕಾದ ಪ್ರಶ್ನೆಯಲ್ಲ. ಜನ ಹೆಚ್ಚಾದ ಯಾವ ಪುಣ್ಯಕ್ಷೇತ್ರವೂ ಇದನ್ನು ತಪ್ಪಿಸಿಕೊಳ್ಳಲಾಗದು.

ದೇವಾಲಯದ ಹೊರಗೆ ಫಾದರ್ ಎಲಿಯಾಸರ ಪ್ರತಿಮೆಯಿದೆ. ಒಳಗೆ ಪಕ್ಕದ ಪೂಜಾಮಂದಿರದಲ್ಲಿ ಅದ್ಭುತದ ಅವಶೇಷಗಳು, ಹಳೆಯ ಪೂಜಾಪಾತ್ರೆ. ಆ ಸಂಶಯದ ಗುರು ಮತ್ತು ಬಾರ್ಹಾಮಾಯೋರಿನ ರೈತ ಇಬ್ಬರ ಸಮಾಧಿಗಳೂ ಅಲ್ಲಿಯೇ ಇವೆಯೆಂದು ಪರಂಪರೆ ಹೇಳುತ್ತದೆ.

ಊರಿನ ದೊಡ್ಡ ಹಬ್ಬ ಸೆಪ್ಟೆಂಬರ್ 8 ಮತ್ತು 9ರಂದು. ಎಂಟನೇ ತಾರೀಕು ಮಾತೆ ಮರಿಯಮ್ಮನವರ ಜನನೋತ್ಸವ. ನಮ್ಮ ಕರಾವಳಿಯ ಮನೆಗಳಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಊಟಕ್ಕೆ ಕೂರುವ ದಿನ. ಅಂದು ಸೆಬ್ರೇರೋಗೆ ಬರುವವರು ಹೆಚ್ಚಾಗಿ ದೂರದೇಶದ ಯಾತ್ರಿಕರಲ್ಲ. ಸುತ್ತಲಿನ ಬೆಟ್ಟಗಳ ಹಳ್ಳಿಗರು, ನಗರಗಳಿಗೆ ವಲಸೆ ಹೋಗಿ ಹಬ್ಬಕ್ಕೆಂದು ಮರಳಿದ ಅವರ ಮಕ್ಕಳು ಮೊಮ್ಮಕ್ಕಳು. ತಲೆ ಬಾಗಿದ ಆ ಮರದ ಮಾತೆಯನ್ನು ಹೊತ್ತು ಮೆರವಣಿಗೆ ಹೊರಡುತ್ತಾರೆ. ಗಿಡ್ಡ ದೇವಾಲಯದಲ್ಲಿ ಜಾಗ ಸಾಲದೆ ಜನ ಅಂಗಳದಲ್ಲಿ ನಿಲ್ಲುತ್ತಾರೆ. ಅದೇ ಹೊತ್ತಿಗೆ ಕಣಿವೆಯ ಕಡೆಯಿಂದ ಬೆನ್ನಿಗೆ ಚೀಲ ಕಟ್ಟಿಕೊಂಡ ಯಾರಾದರೂ ಯಾತ್ರಿಕ ಘಾಟಿ ಹತ್ತಿ ಬಂದರೆ, ಅವನಿಗೆ ದಾರಿ ಬಿಡಲು ಅವರು ಸ್ವಲ್ಪ ಪಕ್ಕಕ್ಕೆ ಸರಿಯಬೇಕಾಗುತ್ತದೆ.